ವನಜಮ್ಮನ ದಾರ, ಬಟವಾಡಿಯ ಲೇಸರ್

ಗುಬ್ಬಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ವನಜಮ್ಮನ ಬ್ಯೂಟಿ ಪಾರ್ಲರ್ ಇದೆ. ಪಾರ್ಲರ್ ಎಂದರೆ ಒಂದು ಕನ್ನಡಿ, ಎರಡು ಕುರ್ಚಿ, ಬಾಗಿಲಿಗೊಂದು ಪರದೆ, ಅಷ್ಟೇ. ಆದರೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹುಬ್ಬು ತೀಡುವುದರಲ್ಲಿ ಈ ಹೆಂಗಸನ್ನು ಮೀರಿಸುವವರು ಊರಲ್ಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕಸುಬು. ಬಾಯಲ್ಲಿ ಸದಾ ದಾರ ಇರುವುದರಿಂದಲೇ ಅವಳ ಬಾಯಿಂದ ಯಾರ ಗುಟ್ಟೂ ಹೊರಬೀಳುವುದಿಲ್ಲ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

ಅಂಥ ಗುಟ್ಟುಗಳಲ್ಲಿ ಇಂಪನಾಳದೂ ಒಂದು. ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್. ಹಾರ್ಮೋನಿನ ತೊಂದರೆಯಿಂದ ಗದ್ದದ ಮೇಲೆ ಒರಟು ಕೂದಲು. ಪಿಯುಸಿ ಓದುವಾಗಿನಿಂದಲೂ ವಾರಕ್ಕೊಮ್ಮೆ, ಬೇರೆ ಗಿರಾಕಿಗಳು ಬರುವ ಮುಂಚೆ, ವನಜಮ್ಮ ಅದನ್ನು ದಾರದಲ್ಲಿ ಎಳೆದು ಕಳಿಸುತ್ತಿದ್ದಳು.

ಕಳೆದ ವರ್ಷ ಇಂಪನಾ ತುಮಕೂರಿನ ಬಟವಾಡಿಯ ಒಂದು ಕ್ಲಿನಿಕ್ಕಿಗೆ ಹೋದಳು. ಲೇಸರ್ ಮಾಡಬಹುದು ಎಂದರು ಡಾಕ್ಟರ್. ಒಂದೇ ಷರತ್ತು: ಒಂದು ತಿಂಗಳು ದಾರ ಮುಟ್ಟಿಸಬಾರದು. ಲೇಸರಿನ ಬೆಳಕು ಕೂದಲಿನ ಬೇರನ್ನು ಹುಡುಕಿ ಸುಡುತ್ತದೆ. ದಾರದಲ್ಲಿ ಎಳೆದರೆ ಆ ಬೇರೇ ಕಿತ್ತು ಬರುತ್ತದೆ, ಸುಡಲು ಏನೂ ಉಳಿಯುವುದಿಲ್ಲ. ಬೇಕಾದರೆ ಶೇವ್ ಮಾಡಿಕೊಳ್ಳಿ ಎಂದರು. ಆದರೆ ಹೆಣ್ಣಿನ ಮುಖಕ್ಕೆ ಬ್ಲೇಡು ತಾಕಿಸಿದರೆ ಗಡ್ಡವೇ ಬರುತ್ತದೆ ಎಂದು ಇಂಪನಾಳ ತಾಯಿ ಗಂಗಲಕ್ಷ್ಮಮ್ಮ ಹಟ ಹಿಡಿದರು.

ಮೂರು ವಾರ ಇಂಪನಾ ಮಾಸ್ಕ್ ಹಾಕಿಕೊಂಡೇ ಪಾಠ ಮಾಡಿದಳು. ಒಂದು ದಿನ ಊಟದ ಹೊತ್ತಿಗೆ ಮಾಸ್ಕ್ ತೆಗೆದಾಗ ಒಂದು ಪುಟ್ಟ ಹುಡುಗಿ ಅವಳ ಗದ್ದ ಸವರಿ, "ಮಿಸ್, ನಮ್ಮಪ್ಪನ್ ಥರ ಚುಚ್ಚುತ್ತೆ" ಅಂದಳಂತೆ. ಇಂಪನಾ ಅಲ್ಲಿಂದ ನೇರ ಪಾರ್ಲರಿಗೆ ಬಂದು ಅತ್ತಳು. ವನಜಮ್ಮ ಅವಳ ಕಣ್ಣೊರೆಸಿ ಕುರ್ಚಿಯಲ್ಲಿ ಕೂರಿಸಿದಳು. ದಾರ ತೆಗೆದಳು. ಹತ್ತು ನಿಮಿಷದಲ್ಲಿ ಗದ್ದ ನುಣ್ಣಗಾಯಿತು.

ಮುಂದಿನ ವಾರ ಡಾಕ್ಟರ್ ನೋಡಿ, ಸುಡಲು ಕೂದಲಿನ ಬೇರುಗಳೇ ಇಲ್ಲ, ಇನ್ನೊಂದು ತಿಂಗಳು ಬಿಟ್ಟು ಬನ್ನಿ ಎಂದು ವಾಪಸ್ ಕಳಿಸಿದರು.

ಗಂಗಲಕ್ಷ್ಮಮ್ಮನ ಬಾಯಿ ಸುಮ್ಮನಿರುವ ಬಾಯಲ್ಲ. ಪಾರ್ಲರಿನ ಬಾಗಿಲಲ್ಲೇ ನಿಂತು, "ಗಿರಾಕಿ ಕೈತಪ್ಪಿ ಹೋಗ್ತಾಳೆ ಅಂತ ಬೇಕಂತ್ಲೇ ಮಾಡಿದೀಯ ಕಣೇ" ಅಂದರು.

ವನಜಮ್ಮ ಪರದೆ ಎಳೆದು ಒಳಗೆ ಹೋದಳು. ಮರುಕದಿಂದಲೇ ಎಳೆದದ್ದು, ನಿಜ. ಆದರೆ ಡಾಕ್ಟರ ಷರತ್ತನ್ನು ಇಂಪನಾ ಮೊದಲೇ ಹೇಳಿದ್ದಳು, ಆವತ್ತು ಅದು ನೆನಪಿರಲಿಲ್ಲವೇ? ಚೆನ್ನಾಗಿ ನೆನಪಿತ್ತು. ಅವಳಿಗೆ ತನ್ನ ಮೇಲೇ ಅನುಮಾನ ಹುಟ್ಟಿತು, ನಾಚಿಕೆಯೂ ಆಯಿತು.

ಎರಡನೇ ಸಲ ಇಪ್ಪತ್ತನೇ ದಿನಕ್ಕೇ ಇಂಪನಾ ಮತ್ತೆ ಬಂದಳು. ಸ್ಕೂಲಿನಲ್ಲಿ ಮಾರನೇ ದಿನ ಪೋಷಕರ ಸಭೆ.

"ಮುಂದೆ ಕಾಣೋ ನಾಕು ಕೂದ್ಲು ಎಳೀರಿ ಸಾಕು ಆಂಟಿ."

"ಒಂದೂ ಎಳಿಯಾಕಿಲ್ಲ."

"ನಿಮ್ಗೇನು, ನಿಮ್ ಗದ್ದ ಅಲ್ವಲ್ಲ."

"ಅಲ್ಲ. ಬೈಯ್ಯಂಗಿದ್ರೆ ಬೈಯಿ. ಶೇವ್ ಬೇಕಾದ್ರೆ ಮಾಡ್ತೀನಿ, ನಿಮ್ಮಮ್ಮ ಕೇಳಿದ್ರೆ ನನ್ ಹೆಸ್ರು ಹೇಳು. ದಾರ ಮಾತ್ರ ಬ್ಯಾಡ ಬುಡು."

ಇಂಪನಾ ಎದ್ದು ಬಾಗಿಲವರೆಗೂ ಹೋದಳು. ವಾಪಸ್ ಬಂದು ಕುರ್ಚಿಯಲ್ಲಿ ಕುಳಿತು ಗದ್ದ ಎತ್ತಿದಳು. ಹೆಂಗಸಿನ ಮುಖಕ್ಕೆ ಒಮ್ಮೆಯೂ ಬ್ಲೇಡು ಹಚ್ಚದ ವನಜಮ್ಮ ಅಂದು ಮೊದಲ ಸಲ ಬ್ಲೇಡು ಹಿಡಿದಳು.

ಹತ್ತು ದಿನದ ನಂತರ ವನಜಮ್ಮ ಪಾರ್ಲರಿಗೆ ಬೀಗ ಹಾಕಿ ಇಂಪನಾಳ ಜೊತೆ ಬಟವಾಡಿಗೆ ಹೋದಳು. ಈ ಸಲ ಕೂದಲಿನ ಬೇರುಗಳೆಲ್ಲ ಸರಿಯಾಗಿವೆ ಎಂದರು ಡಾಕ್ಟರ್. ಒಳಗಿನಿಂದ ಟಿಕ್ ಟಿಕ್ ಸದ್ದು, ಸುಟ್ಟ ಕೂದಲಿನ ವಾಸನೆ ಬಂತು. ಇಂಪನಾ ಕೆಂಪಾದ ಗದ್ದ ಹೊತ್ತು ಹೊರಬಂದಳು. ಇನ್ನೂ ಐದಾರು ಸಲ ಬರಬೇಕಂತೆ, ಪೂರ್ತಿ ಹೋಗುವುದಿಲ್ಲವಂತೆ, ಆದರೆ ತುಂಬಾ ಕಮ್ಮಿಯಾಗುತ್ತದಂತೆ.

ವಾಪಸ್ ಬರುವ ಬಸ್ಸಿನಲ್ಲಿ ವನಜಮ್ಮ ತಡೆಯಲಾರದೆ ಕೇಳಿದಳು: "ನಿಮ್ಮಮ್ಮ ಅಂದಿದ್ದು ನಿಜಾನೇ ಇರ್ಬೋದೇನೋ ಇಂಪನಾ. ನೀನು ಬರೋದ್ ನಿಲ್ಲುಸ್ಬುಡ್ತೀಯ ಅಂತ ಎಲ್ಲೋ ಒಳ್ಗೊಳ್ಗೆ ಇತ್ತೇನೋ. ಹಂಗಿದ್ರೂ ನನ್ನತ್ರಾನೇ ಯಾಕ್ ಬಂದೆ?"

"ಬೇರೆಯೋರು ಆಗಲ್ಲ ಅಂತಿದ್ರು ಆಂಟಿ. ನೀವು ನಂಗೆ ಯಾವತ್ತೂ ಇಲ್ಲ ಅಂದಿರ್ಲಿಲ್ಲ, ಅದಕ್ಕೇ ಬಂದೆ," ಅಂದಳು ಇಂಪನಾ. "ಎರಡ್ನೇ ಸಲಾನೂ ಅದನ್ನೇ ನಂಬ್ಕೊಂಡೇ ಬಂದಿದ್ದೆ. ಆವತ್ತು ನೀವು ಇಲ್ಲ ಅಂದಿದ್ದಕ್ಕೇ ಇವತ್ತು ಲೇಸರ್ ಆಯ್ತು."

ವನಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗುಬ್ಬಿಗೆ ಎರಡು ಟಿಕೆಟ್ ಕೊಡಿ ಎಂದು ಕಂಡಕ್ಟರಿಗೆ ಹೇಳಿದಳು.