ಮೇಷ್ಟ್ರಿಗೊಬ್ಬರಿಗೇ ಕೇಳಿಸದ ಟ್ರಂಪೆಟ್

ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ತಲೆಯ ಮೇಲೆ ‘ವಿಚಾರಣೆ’ ಎಂಬ ಬೋರ್ಡು ಹೊತ್ತುಕೊಂಡು ಅರ್ಧ ಆಯಸ್ಸು ಕೂತರೆ ಯಾರ ಹೆಸರು ತಾನೇ ಉಳಿದೀತು? ಡ್ರೈವರುಗಳು, ಕಂಡಕ್ಟರುಗಳು, ಸಿಟ್ಟು ಬಂದಾಗ ಸ್ವಂತ ಗಂಡನೂ ಆಕೆಯನ್ನು ‘ವಿಚಾರಣೆಯಮ್ಮ’ ಎಂದೇ ಕರೆಯುತ್ತಿದ್ದರು. ಗಾಜಿನ ಹಿಂದಿನಿಂದ ಬರುತ್ತಿದ್ದ ಆಕೆಯ ಉತ್ತರಗಳು ಬಲು ಚಿಕ್ಕವು. “ಮೇಡಂ, ಆರು ಗಂಟೆ ಬಸ್ಸು?” ಎಂದರೆ “ಹೋಯ್ತು.” “ಮುಂದಿನದು?” ಎಂದರೆ “ಬರುತ್ತೆ.” ಅದಕ್ಕಿಂತ ಹೆಚ್ಚು ಬೇಕಾದವರು ಬಸ್ಸನ್ನೇ ಕೇಳಿಕೊಳ್ಳಬೇಕಿತ್ತು.

ಇಂಥ ವಿಚಾರಣೆಯಮ್ಮ ಐವತ್ತರ ಹೊಸ್ತಿಲಲ್ಲಿ ಟ್ರಂಪೆಟ್ ಕಲಿಯಲು ಹೊರಟದ್ದು ಜನ ಆಡಿಕೊಂಡ ಹಾಗೆ ಹುಚ್ಚಿಗಲ್ಲ, ಹಟಕ್ಕೆ. ಶಾಲೆಯಲ್ಲಿ ಬ್ಯಾಂಡ್ ತಂಡ ಕಟ್ಟಿದಾಗ ಟ್ರಂಪೆಟ್ಟಿಗೆ ಮೊದಲು ಕೈ ಎತ್ತಿದವಳೇ ಆಕೆ. ಡ್ರಿಲ್ ಮೇಷ್ಟ್ರು, “ಹೆಣ್ಣುಮಕ್ಕಳು ಅದನ್ನ ಊದಬಾರದಮ್ಮ, ತುಟಿ ದಪ್ಪ ಆಗುತ್ತೆ. ಆಮೇಲೆ ನಿಮ್ಮಪ್ಪ ಬಂದು ನನ್ನ ಜುಟ್ಟು ಹಿಡೀತಾರೆ” ಎಂದು ನಕ್ಕು, ತ್ರಿಕೋನಾಕಾರದ ಒಂದು ಕಬ್ಬಿಣದ ಕಂಬಿ ಕೈಗಿಟ್ಟರು. ಇಡೀ ಹಾಡಿಗೆ ಒಂದೇ ಒಂದು ಸಲ ‘ಟಿಣ್’. ಅದೂ ಕೊನೆಯಲ್ಲಿ, ಎಲ್ಲರೂ ಚಪ್ಪಾಳೆ ಶುರು ಮಾಡಿದ ಮೇಲೆ. ಆ ಟಿಣ್ ಆಕೆಯ ಹೊಟ್ಟೆಯೊಳಗೆ ಮೂವತ್ತೈದು ವರ್ಷ ಬೇಯುತ್ತಲೇ ಇತ್ತು.

ಆದ್ದರಿಂದ ಫೋನಿನಲ್ಲಿ ‘ಮನೆಯಲ್ಲೇ ಕೂತು ಟ್ರಂಪೆಟ್ ಕಲಿಯಿರಿ, ವಯಸ್ಸಿನ ಮಿತಿಯಿಲ್ಲ’ ಎಂಬ ಜಾಹೀರಾತು ಕಂಡದ್ದೇ ತಡ, ಸೇರಿಯೇಬಿಟ್ಟಳು. ಮೂರು ಗುಂಡಿಗಳ ಹಿತ್ತಾಳೆಯ ವಾದ್ಯ ಮನೆಗೆ ಬಂತು. ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟು ದಿನ ಬಾಯಲ್ಲೇ ಊದ್ತಿದ್ದೆಯಲ್ಲ, ಅದು ಸಾಲದಾಯ್ತಾ?” ಎಂದ. ಅತ್ತೆಗೆ ವಾದ್ಯಕ್ಕಿಂತ ಅದರ ತುದಿಯಿಂದ ತೊಟ್ಟಿಕ್ಕುವ ನೀರಿನ ಮೇಲೆ ಕಣ್ಣು. “ಅದೇನೇ ಅದು, ಹಲ್ಲು ಬರೋ ಮಗು ಥರ ಜೊಲ್ಲು ಸುರಿಸುತ್ತೆ? ಅದಕ್ಕೂ ಒಂದು ಕೊರಳುಬಟ್ಟೆ ಕಟ್ಟು.”

ಮೊದಲ ತರಗತಿಯ ದಿನ ಕಂಪ್ಯೂಟರ್ ಪರದೆಯ ಮೇಲೆ ಹತ್ತಾರು ಮುಖಗಳು, ನಡುವೆ ದಪ್ಪ ಮೀಸೆಯ ಟ್ರಂಪೆಟ್ ಮೇಷ್ಟ್ರು. ಗಂಟಲು ಸರಿ ಮಾಡಿಕೊಂಡ ಮೇಷ್ಟ್ರು, “ಎಲ್ಲರೂ ಮೊದಲು ನಾಯ್ಸ್ ತೆಗೆದುಬಿಡಿ. ಅದಾಗದೆ ನನಗೇನೂ ಕೇಳಿಸಲ್ಲ” ಎಂದರು. ಉಳಿದವರು ಅಲ್ಲಲ್ಲಿ ಏನನ್ನೋ ಒತ್ತಿದರು. ವಿಚಾರಣೆಯಮ್ಮ ಎದ್ದಳು. ಫ್ಯಾನು ಆರಿಸಿದಳು. ಗಂಡ ನೋಡುತ್ತಿದ್ದ ಟೀವಿ ಬಂದ್ ಮಾಡಿದಳು. ಅಡುಗೆಮನೆಯ ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಿದಳು. ಗಡಿಯಾರದ ಸೆಲ್ಲು ಕಿತ್ತಳು. ಕೊನೆಗೆ ಅತ್ತೆಯ ರೇಡಿಯೋಗೂ ಕೈ ಹಾಕಿದಾಗ ಆ ಮುದುಕಿ, “ನನ್ನ ಉಸಿರಾಟವೂ ಕೇಳಿಸುತ್ತೇನೋ, ಅದನ್ನೂ ನಿಲ್ಲಿಸ್ಲಾ?” ಎಂದು ಕೇಳಿದಳು. ಸೆಕೆಯಲ್ಲಿ ಬೆವರು ಸುರಿಸುತ್ತ, ಮನೆಯನ್ನು ಗವಿಯಂತೆ ಮಾಡಿಕೊಂಡು ವಿಚಾರಣೆಯಮ್ಮ ಪಾಠಕ್ಕೆ ಕೂತಳು. ವಾರ ವಾರವೂ ಹಾಗೆಯೇ ಕೂತಳು.

ತುಟಿ ಬಿಗಿ ಹಿಡಿಯಬೇಕು, ಜೇನುಹುಳದ ಹಾಗೆ ಗುಂಯ್ಗುಡಿಸಬೇಕು, ಕೆನ್ನೆ ಉಬ್ಬಿಸಬಾರದು. ಹೇಳುವುದು ಸುಲಭ. ಮೊದಮೊದಲು ಕತ್ತು ಹಿಸುಕಿದ ಬಾತುಕೋಳಿಯ ಸದ್ದು ಬಂತು. ಆಮೇಲೆ ಬಾತುಕೋಳಿ ಕತ್ತು ಬಿಡಿಸಿಕೊಂಡಿತು. ಒಂದು ಸಂಜೆ ಸಾಕ್ಷಾತ್ ಟ್ರಂಪೆಟ್ಟಿನ ಸ್ವರವೇ ಬಂದಾಗ ಆಕೆಯ ಮೈ ಜುಮ್ಮೆಂದಿತು. ಆದರೆ ತರಗತಿಯಲ್ಲಿ ಆಕೆಯ ಸರದಿ ಬಂದಾಗಲೆಲ್ಲ ಮೇಷ್ಟ್ರದು ಒಂದೇ ಮಾತು: “ಬರೀ ಗಾಳಿ ಬರ್ತಿದೆ ಮೇಡಂ. ಸ್ವರ ಎಲ್ಲಿ?”

“ಊದ್ತಾ ಇದ್ದೀನಲ್ಲ ಸಾರ್!”

“ಕೆನ್ನೆ ಕಾಣಿಸ್ತಿದೆ. ಸ್ವರ ಕೇಳಿಸ್ತಿಲ್ಲ.”

ವಿಚಿತ್ರವೆಂದರೆ ಆಕೆಯ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಟ್ರಂಪೆಟ್ ಬಾಯಿಗಿಟ್ಟ ತಕ್ಷಣ ಮೇಷ್ಟ್ರಿಗೆ ಕಿವುಡು. ಅತ್ತ ಮೇಲಿನ ಮನೆಯವರು ಕಿಟಕಿ ಬಡಿಯುತ್ತಿದ್ದರು, ಬೀದಿಯ ನಾಯಿಗಳು ಸ್ಪರ್ಧೆಗೆ ನಿಲ್ಲುತ್ತಿದ್ದವು, ಗಂಡ ಕಿವಿಗೆ ಹತ್ತಿ ತುರುಕಿಕೊಂಡು ಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲ ಎಂದುಕೊಂಡಳು ವಿಚಾರಣೆಯಮ್ಮ. ಕೋಣಕ್ಕಾದರೂ ಕಿನ್ನರಿ ಕೇಳಿಸುತ್ತದೆ, ರುಚಿಸುವುದಿಲ್ಲ ಅಷ್ಟೆ. ಈ ಮೇಷ್ಟ್ರಿಗೆ ಕೇಳಿಸುವುದೇ ಇಲ್ಲ!

ಒಂದು ದಿನ ತಡೆಯಲಾರದೆ, “ಸಾರ್, ನನ್ನ ತಪ್ಪಲ್ಲ. ಈ ಕಂಪ್ಯೂಟರ್‌ದೇ ಏನೋ ತೊಂದರೆ ಇರಬೇಕು” ಎಂದಳು. ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕು, ಇಡೀ ತರಗತಿಯ ಮುಂದೆ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ” ಎಂದುಬಿಟ್ಟರು. ಪರದೆಯ ಮೇಲಿನ ಮುಖಗಳೆಲ್ಲ ಒಟ್ಟಿಗೆ ಹಲ್ಲು ಬಿಟ್ಟವು. ವಿಚಾರಣೆಯಮ್ಮನ ಕಿವಿ ಕಾದ ಹಂಚಾಯಿತು. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ: “ನೋಡಿ ಮೇಡಂ, ಮುಂದಿನ ವಾರ ಒಬ್ಬೊಬ್ಬರೇ ಊದಿ ತೋರಿಸಬೇಕು. ಸ್ವರ ಹೊರಡಿಸಿದವರು ವಾದ್ಯಗೋಷ್ಠಿಗೆ. ಊದೋ ನಟನೆ ಮಾಡೋರನ್ನ ನಾನು ಮುಂದುವರಿಸಲ್ಲ.”

ನಟನೆ! ಅಂದು ಆಕೆಗೆ ಅನ್ನ ಇಳಿಯಲಿಲ್ಲ. ಸುಳ್ಳಿ ಅಂದಿದ್ದರೆ ಸಹಿಸುತ್ತಿದ್ದಳು, ದಡ್ಡಿ ಅಂದಿದ್ದರೂ ಸಹಿಸುತ್ತಿದ್ದಳು. ತುಟಿ ಬಾತು ಬದನೆಕಾಯಿ ಆಗಿರುವಾಗ ನಟನೆ ಅನ್ನುವುದೇ? “ಆ ಮೀಸೆಗೆ ಬೆಂಕಿ ಬೀಳ” ಎಂದಳು. “ಅಯ್ಯೋ, ಬಿಟ್ಟುಬಿಡೇ” ಎಂದ ಗಂಡ. ಅತ್ತೆ ಮಾತ್ರ, “ಬಿಡಬೇಡ ಕಣೆ. ಇಷ್ಟು ದಿನ ನಾವು ಅನುಭವಿಸಿದ್ದಕ್ಕೆ ಒಂದು ಫಲ ಬೇಡವಾ?” ಎಂದಳು. ಬಿಟ್ಟರೆ ಇನ್ನೊಮ್ಮೆ ಟಿಣ್ ಎನ್ನುವ ಕಂಬಿಯೇ ಗತಿ. ವಾರವಿಡೀ ಆಕೆ ಊದಿದ್ದೇ ಊದಿದ್ದು.

ಪರೀಕ್ಷೆಯ ಸಂಜೆ ಫ್ಯಾನು, ಟೀವಿ, ನಲ್ಲಿ, ಗಡಿಯಾರ, ಅತ್ತೆ ಎಲ್ಲವನ್ನೂ ಸುಮ್ಮನಾಗಿಸಿ ಕೂತಳು. ಸರದಿ ಬಂತು. ಕಣ್ಣು ಮುಚ್ಚಿ, ಹೊಟ್ಟೆಯ ತಳದಿಂದ ಉಸಿರೆಳೆದು ಊದಿದಳು. ಕಿಟಕಿಯ ಗಾಜು ನಡುಗಿತು. ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿದವು. ಮುಗಿಸಿ ಕಣ್ಣು ಬಿಟ್ಟರೆ ಮೇಷ್ಟ್ರು ತಲೆ ಅಲ್ಲಾಡಿಸುತ್ತಿದ್ದರು.

“ಇಲ್ಲ ಮೇಡಂ. ನಿಮ್ಮ ತುಟಿಗೆ ಇದು ಆಗಿಬರಲ್ಲ. ಸುಮ್ಮನೆ ಯಾಕೆ…”

ಮಾತು ಮುಗಿಯುವ ಮೊದಲೇ ಹೊರಬಾಗಿಲನ್ನು ಯಾರೋ ದಬದಬ ಬಡಿದರು. ಗಂಡ ಚಿಲಕ ತೆಗೆದ ಕ್ಷಣವೇ ಕೆಳಮನೆಯವನು ನುಗ್ಗಿದ. ಅವನು ವಾಷಿಂಗ್ ಮಷೀನ್ ಕಂಪನಿಯೊಂದರ ದೂರುಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಕೇಳುವವನು. ದಿನವಿಡೀ ಊರವರ ದೂರು ನುಂಗಿ ನುಂಗಿ, ತನ್ನದೊಂದು ದೂರು ಹೇಳಲು ಅವನ ನಾಲಿಗೆ ತುರಿಸುತ್ತಿತ್ತು. ತಲೆಯ ಮೇಲೆ ಇನ್ನೂ ಹೆಡ್‌ಫೋನ್ ಇತ್ತು.

“ಏನ್ರೀ ಅಕ್ಕ, ಮನುಷ್ಯರು ಬದುಕಬೇಕೋ ಬೇಡವೋ?”

ಬೇರೆ ದಿನವಾಗಿದ್ದರೆ ಜಗಳವೇ ಆಗುತ್ತಿತ್ತು. ಅಂದು ವಿಚಾರಣೆಯಮ್ಮ ದೇವರೇ ಬಂದ ಹಾಗೆ ಅವನ ರಟ್ಟೆ ಹಿಡಿದು ಎಳೆದು ಪರದೆಯ ಮುಂದೆ ಕೂರಿಸಿದಳು. “ಬಾರಪ್ಪ, ಕೂತ್ಕೋ. ಇವರಿಗೆ ಹೇಳು. ನಾನು ಊದ್ತೀನೋ ಇಲ್ಲವೋ?”

“ಊದ್ತೀರೋ ಇಲ್ಲವೋ ಅಂತ ಕೇಳ್ತೀರಾ!” ಅವನಿಗೆ ಒಳ್ಳೆಯ ಕೇಳುಗರೇ ಸಿಕ್ಕರು. “ಸ್ವಾಮಿ, ತಾವ್ಯಾರೋ ಗೊತ್ತಿಲ್ಲ. ಪ್ರತಿದಿನ ಅದೇ ಹಾಡು. ಮೊದಲ ಸಾಲು ಪರವಾಗಿಲ್ಲ, ಎರಡನೇದರಲ್ಲಿ ಮೇಲೆ ಹತ್ತಬೇಕಾದ ಸ್ವರ ಅರ್ಧಕ್ಕೇ ಜಾರಿ ಬೀಳುತ್ತೆ. ಬಿದ್ದಿದ್ದು ಬಿತ್ತು ಅಂತ ಬಿಡ್ತಾರಾ? ವಾಪಸ್ ಹೋಗಿ ಮತ್ತೆ ಹತ್ತಿಸ್ತಾರೆ, ಮತ್ತೆ ಬೀಳುತ್ತೆ. ನಮ್ಮ ಮಗು ತೊಟ್ಟಿಲಲ್ಲೇ ಅದನ್ನ ಗುನುಗುತ್ತೆ, ಜಾರೋ ಜಾಗದಲ್ಲಿ ಅದೂ ಜಾರುತ್ತೆ!”

ಮೇಷ್ಟ್ರು ಕುರ್ಚಿಯಲ್ಲಿ ಮುಂದೆ ಬಾಗಿದರು. “ಜಾರುತ್ತಾ? ಎರಡನೇ ಸಾಲಲ್ಲಾ? ಹಾಗಾದ್ರೆ… ನಿಜವಾಗ್ಲೂ ಊದ್ತಾರಾ?”

“ನನ್ನ ಕೆಲಸ ಉಳಿದಿರೋದೇ ಪುಣ್ಯ ಸ್ವಾಮಿ. ಈ ಸದ್ದು ಫೋನಿಗೆ ಹೋಗಿದ್ರೆ ಕಂಪನಿ ಯಾವತ್ತೋ ನನ್ನನ್ನ ತೆಗೆದುಹಾಕ್ತಿತ್ತು. ಏನೋ, ಈ ಹೆಡ್‌ಫೋನಲ್ಲಿ ನಾಯ್ಸ್ ತೆಗೆಯೋ ವ್ಯವಸ್ಥೆ ಇದೆ. ಮಾತು ಬಿಟ್ಟು ಬೇರೆ ಯಾವ ಸದ್ದಿದ್ರೂ ಅದು ನುಂಗಿಹಾಕುತ್ತೆ.” ಹೇಳುತ್ತ ಹೇಳುತ್ತಲೇ ಅವನು ಪರದೆಯ ಮೂಲೆಯನ್ನು ನೋಡಿದ. “ಅಕ್ಕ, ನಿಮ್ಮದರಲ್ಲೂ ಅದು ಹಾಕೇ ಇದೆಯಲ್ಲ!”

ಮೇಷ್ಟ್ರು ಹಣೆ ಚಚ್ಚಿಕೊಂಡು, “ಅಯ್ಯೋ ಮೇಡಂ, ನಾನು ಮೊದಲ ದಿನವೇ ಹೇಳಿದ್ದೆನಲ್ಲ, ನಾಯ್ಸ್ ತೆಗೆದುಬಿಡಿ ಅಂತ!” ಎಂದರು.

ವಿಚಾರಣೆಯಮ್ಮ ಎದ್ದು ನಿಂತಳು. “ತೆಗೆದಿದ್ದೀನಿ! ಫ್ಯಾನು ತೆಗೆದೆ, ಟೀವಿ ತೆಗೆದೆ, ನಲ್ಲಿ ಬಾಯಿ ಕಟ್ಟಿದೆ, ಎಂಬತ್ತು ವರ್ಷದ ಮುದುಕಿ ಬಾಯಿ ಮುಚ್ಚಿಸಿದೆ! ನಾಯ್ಸ್ ತೆಗೀರಿ ಅಂದ್ರೆ ನಾಯ್ಸ್ ತೆಗೀಬೇಕು. ‘ನಾಯ್ಸ್ ತೆಗೆಯೋದನ್ನ ತೆಗೀರಿ’ ಅಂತ ಬಾಯಿ ಬಿಟ್ಟು ಹೇಳೋಕೆ ನಿಮಗೇನು ದಾಡಿ ಸಾರ್? ಅರ್ಧ ಉತ್ತರ ಕೊಟ್ಟು ಕೂತರೆ ಕೇಳಿದವರು ಏನು ಮಾಡ್ಬೇಕು? ಅದಕ್ಕೊಂದು ಜವಾಬ್ದಾರಿ ಬೇಡವಾ?”

ಬಾಗಿಲ ಬಳಿ ನಿಂತಿದ್ದ ಗಂಡ ಹತ್ತಿ ಕಿತ್ತ ಕಿವಿಯಿಂದ ಇದನ್ನು ಕೇಳಿ, ತಕ್ಷಣ ಕೆಮ್ಮಿದ. ಆ ಕೆಮ್ಮಿನ ಅರ್ಥ ಬಸ್ ತಪ್ಪಿಸಿಕೊಂಡವರಿಗೆಲ್ಲ ಗೊತ್ತು. ಅವನ ಹೆಂಡತಿಗೆ ಗೊತ್ತಾಗಲಿಲ್ಲ.

“ನೆಲ ಡೊಂಕು ಅಂದಾಗ ನಕ್ಕಿರಲ್ಲ ಎಲ್ಲರೂ! ಈಗ ನೋಡಿ, ಡೊಂಕೇ ಇತ್ತು ನೆಲ!”

ಕೆಳಮನೆಯವನು ಮೂಲೆಯ ಗುರುತನ್ನು ಒತ್ತಿದ. ವಿಚಾರಣೆಯಮ್ಮ ಟ್ರಂಪೆಟ್ ಎತ್ತಿ ಊದಿದಳು. ಪರದೆಯೊಳಗೆ ಮೇಷ್ಟ್ರು ಕುರ್ಚಿಸಮೇತ ಹಿಂದೆ ಹಾರಿದರು. ಹತ್ತಾರು ಕೈಗಳು ಒಟ್ಟಿಗೆ ಹತ್ತಾರು ಜೊತೆ ಕಿವಿಗಳಿಗೆ ಹೋದವು. ಅಂಥ ಸುಂದರ ದೃಶ್ಯವನ್ನು ಆಕೆ ಅದುವರೆಗೆ ನೋಡಿರಲಿಲ್ಲ.

ಮೇಷ್ಟ್ರು ಹೆಡ್‌ಫೋನ್ ತಲೆಯಿಂದ ಕಳಚಿ ಮೇಜಿನ ಮೇಲಿಟ್ಟು, ಕಿವಿಯೊಳಗೆ ಬೆರಳಾಡಿಸಿ ಹೇಳಿದರು: “ಸ್ವರ ಇದೆ ಮೇಡಂ. ಧಾರಾಳವಾಗಿದೆ. ತಪ್ಪಾಯ್ತು ನಂದು. ಆದರೆ ನಿಜ ಹೇಳ್ಲಾ? ಹಿಡಿಯೋದು ತಪ್ಪು, ಉಸಿರು ತಪ್ಪು, ಎರಡನೇ ಸಾಲಂತೂ ಅವರು ಹೇಳಿದ ಹಾಗೇ. ಇಷ್ಟು ದಿನ ನಾನು ತಿದ್ದಲಿಲ್ಲ, ತಪ್ಪುಗಳೆಲ್ಲ ಬೇರು ಬಿಟ್ಟಿವೆ. ಗೋಷ್ಠಿಗೆ ಈ ಸಲ ಆಗಲ್ಲ.”

“ಆಗಲ್ಲ ಅಂದ್ರೆ ಬಿಟ್ಟುಬಿಡ್ತೀನಿ ಅಂದ್ಕೊಂಡ್ರಾ? ನೀವು ಕೇಳದೆ ಇದ್ದಿದ್ದಕ್ಕೆ ನಾನ್ಯಾಕೆ ಹೊರಗೆ ಕೂರಲಿ? ಮೊದಲ ಪಾಠದಿಂದ ಮತ್ತೆ ಹೇಳಿಕೊಡಿ. ಒಂದೂ ಬಿಡದ ಹಾಗೆ. ದಿನಾ. ಮುಂದಿನ ಗೋಷ್ಠಿಯಲ್ಲಿ ಮುಂದಿನ ಸಾಲಲ್ಲಿ ನಿಲ್ಲಿಸಬೇಕು.”

ಮೇಷ್ಟ್ರು ಮೀಸೆಯ ತುದಿ ಕಚ್ಚಿ ಯೋಚಿಸಿದರು. “ಆಯ್ತು ಮೇಡಂ. ದಿನಾ ಸಂಜೆ, ನಿಮಗೊಬ್ಬರಿಗೇ.”

“ಮೊದಲಿಂದಾನಾ?” ಕೆಳಮನೆಯವನು ಕುರ್ಚಿಯಿಂದ ನೆಗೆದ. “ದಿನಾನಾ? ಸ್ವಾಮಿ, ನಾನು ದೂರು ಕೊಡೋಕೆ ಬಂದವನು! ನನ್ನ ದೂರು ಎಲ್ಲಿ ಬರ್ಕೊಂಡ್ರಿ?”

“ಬರ್ಕೊಂಡಾಯ್ತಪ್ಪ, ಎರಡನೇ ಸಾಲು ಜಾರುತ್ತೆ ಅಂತ” ಎಂದಳು ವಿಚಾರಣೆಯಮ್ಮ, ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. “ಸಾರ್, ಶುರು ಮಾಡಿ. ತುಟಿ ಎಲ್ಲಿಡಬೇಕು? ಈ ಸಲ ಪೂರ್ತಿ ಹೇಳಿ.”