ಅಂಗಳದ ಕೆಳಗಿನ ಮೀನುಗಳು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ವರ್ಷಕ್ಕೊಮ್ಮೆ ನೆಲದಡಿಯ ನೀರಿನ ಟ್ಯಾಂಕು ತೊಳೆಸುತ್ತಾರೆ. ಸಿಮೆಂಟಿನ ಮುಚ್ಚಳ ಸರಿಸಿದ ಕೂಡಲೇ ಬಹಳ ದಿನ ಬೆಳಕು ಕಾಣದ ನೀರಿನ ವಾಸನೆ ಮೇಲೇಳುತ್ತದೆ. ಒದ್ದೆ ಸುಣ್ಣದ್ದೂ ಅಲ್ಲ, ಕೆಸರಿನದ್ದೂ ಅಲ್ಲ, ಎರಡರ ನಡುವಿನದು. ನಾನು ಮೂರು ಮಹಡಿ ಇಳಿದು ಬಂದು, ಕೆಲಸದವರಿಗೆ ಇನ್ನೂ ಸ್ವಲ್ಪ ಹೊತ್ತು ಕಾಯಿರಿ, ಒಳಗೆ ಗಾಳಿ ಆಡಲಿ ಎಂದು ಹೇಳುತ್ತೇನೆ. ಅವರು ನಗುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಕೊನೆಯವನು ಹತ್ತಿ ಬರುವವರೆಗೆ ಅಲ್ಲಿಂದ ಕದಲಲು ಕಾಲು ಬರುವುದಿಲ್ಲ.

ಅರವತ್ತರ ದಶಕದಲ್ಲಿ ನಾವು ಇದೇ ಊರಿನ ಹಳೆಯ ಪೇಟೆಯ ಒಂದು ಪೋಳದಲ್ಲಿದ್ದೆವು. ಎದುರುಬದುರು ಮನೆಗಳ ಮಾಡುಗಳು ಒಂದಕ್ಕೊಂದು ತಾಗುವಂಥ ಇಕ್ಕಟ್ಟಿನ ಓಣಿ ಅದು. ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತ, ಧಾರವಾಡದಿಂದ ವರ್ಗವಾಗಿ ಬಂದವರು. ಮಹಡಿ ನಮ್ಮದು, ಕೆಳಮನೆ ಒಡತಿ ಜಡಾವ್ ಬಾ ಅವರದು; ಬಾ ಎಂದರೆ ಗುಜರಾತಿಯಲ್ಲಿ ಅವ್ವ. ನಡುವೆ ಕಲ್ಲು ಹಾಸಿದ ಸಣ್ಣ ಅಂಗಳ. ಆ ಕಲ್ಲುಗಳ ಕೆಳಗೆ, ನಾವು ಕುಂಟಾಬಿಲ್ಲೆ ಆಡುತ್ತಿದ್ದ ನೆಲದ ಕೆಳಗೆ, ಇನ್ನೊಂದು ಕೋಣೆಯಷ್ಟು ದೊಡ್ಡ ಟಾಂಕು ಇತ್ತು. ಮಳೆಗಾಲದಲ್ಲಿ ಮಾಡಿನ ನೀರನ್ನು ತಾಮ್ರದ ಕೊಳವೆಯಿಂದ ಇಳಿಸಿ ವರ್ಷವಿಡೀ ಕುಡಿಯಲು ಇಟ್ಟುಕೊಳ್ಳುವ ತೊಟ್ಟಿ ಅದು. ಬಾ ಹುಟ್ಟಿದಾಗಿನಿಂದ ಬೇರೆ ನೀರು ಕುಡಿದವರಲ್ಲ. ನಲ್ಲಿಯ ನೀರು ಪಾತ್ರೆ ತೊಳೆಯಲಿಕ್ಕೆ ಸರಿ ಎನ್ನುತ್ತಿದ್ದರು. ದಿನಕ್ಕೆರಡು ಸಲ ಹಿತ್ತಾಳೆಯ ಮುಚ್ಚಳ ತೆಗೆದು, ಮಡಿಯಲ್ಲಿ ನೀರು ಸೇದಿ, ಮೊದಲ ಲೋಟ ದೇವರಿಗಿಟ್ಟು, ಎರಡನೆಯದನ್ನು ತಾವು ಕುಡಿದು, ಮೂರನೆಯದನ್ನು ನನಗೆ ಕೊಡುತ್ತಿದ್ದರು. ಆ ನೀರಿನ ತಂಪನ್ನು ಹೇಳಲು ನನಗೆ ಇನ್ನೂ ಮಾತು ಸಿಕ್ಕಿಲ್ಲ.

ಅಪ್ಪನ ತಮ್ಮ ವಸಂತ ಕಾಕಾ ನಮ್ಮೊಡನೆಯೇ ಇದ್ದ. ಬಿ.ಎಸ್ಸಿ. ಮುಗಿಸಿ, ಜ್ವರದವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸಕ್ಕೆ ಸೇರಿದ್ದ. ಆ ವರ್ಷ ಪೋಳದ ಮನೆಮನೆಯಲ್ಲೂ ಚಳಿಜ್ವರ. ಒಂದು ಸಂಜೆ ಕಾಕಾ ಗಾಜಿನ ಭರಣಿಯಲ್ಲಿ ಹತ್ತು ಗಪ್ಪಿ ಮೀನು ತಂದ. ಭತ್ತದ ಕಾಳಿಗಿಂತ ತುಸು ದೊಡ್ಡವು. ಟಾಂಕುವಿಗೆ ಬಿಟ್ಟರೆ ಸೊಳ್ಳೆಯ ಮರಿಗಳನ್ನು ತಿಂದು ಮುಗಿಸುತ್ತವೆ ಎಂದ. ಬಾ ಹೌಹಾರಿದರು. ತಮ್ಮ ದೇವರು ಠಾಕೂರ್‌ಜೀ ಈ ಮೀನು ಈಜಿದ ನೀರು ಕುಡಿಯಬೇಕೇ ಎಂದರು. ಕಾಕಾ ತನ್ನ ಹರಕು ಗುಜರಾತಿಯಲ್ಲಿ, ಗಂಗೆಯಲ್ಲೂ ಮೀನಿವೆಯಲ್ಲ ಬಾ ಎಂದ. ಬಾ ನಕ್ಕು ಮುಚ್ಚಳ ತೆಗೆದರು.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ನಮಗೊಂದು ಕೆಲಸ. ಸೂರ್ಯ ನೆತ್ತಿಗೆ ಬಂದಾಗ ನಾನು ಅವ್ವನ ಕನ್ನಡಿಯಿಂದ ಟಾಂಕುವಿನೊಳಗೆ ಬಿಸಿಲು ಬಿಡಬೇಕು. ಕತ್ತಲ ನೀರಿನಲ್ಲಿ ತಟ್ಟೆಯಷ್ಟು ಬೆಳಕು ಬಿದ್ದು ಮೀನುಗಳೆಲ್ಲ ಅಲ್ಲಿ ಸೇರುತ್ತಿದ್ದವು. ಕಾಕಾ ಬೋರಲಾಗಿ ಮಲಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಹತ್ತು ಇಪ್ಪತ್ತಾದವು, ಇಪ್ಪತ್ತು ನಲವತ್ತರ ಹತ್ತಿರ ಬಂದವು. “ಪರರ ಮಕ್ಕಳನ್ನು ಎಣಿಸಿದ್ದು ಸಾಕು ಭಾಯ್, ಮೊದಲು ಮದುವೆಯಾಗು” ಎಂದು ಬಾ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು. ಆಮೇಲೆ ಎಣಿಕೆ ಅಲ್ಲೇ ನಿಂತಿತು. ವಾರದ ಮೇಲೆ ವಾರ ಅಷ್ಟೇ.

“ಯಾಕ ಕಾಕಾ, ಮರಿ ಹಾಕೂದು ಬಿಟ್ಟಾವೇನು?” ಎಂದು ಕೇಳಿದೆ.

“ಹಾಕ್ತಾವ. ಆದ್ರ ಈ ನೀರಾಗಿನ ಹುಳ ಇಷ್ಟ ಮಂದಿಗೆ ಸಾಕಾಗ್ತಾವ ನೋಡು. ಹೊಟ್ಟಿಗೆ ಸಾಲದಿದ್ರ ತಾಯಿನ ತನ್ನ ಮರಿ ತಿಂತದ.”

“ತಾಯಿನ?”

“ಅಳಬ್ಯಾಡ ಹುಚ್ಚಿ. ಅದು ಕ್ರೂರತನ ಅಲ್ಲ. ಎಷ್ಟು ಜೀವ ಹಿಡಸ್ತಾವ ಅಂತ ನೀರಿಗೆ ಗೊತ್ತಿರ್ತದ.”

ನನಗೆ ಒಂಬತ್ತು ವರ್ಷ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನದಿಂದ ನನ್ನ ತಟ್ಟೆಯ ಅನ್ನದಲ್ಲಿ ಒಂದು ಹಿಡಿ ಉಳಿಸಿಕೊಂಡು, ಬಾ ಮಧ್ಯಾಹ್ನ ಮಲಗಿದ ಮೇಲೆ ಮುಚ್ಚಳ ತುಸುವೇ ಸರಿಸಿ ಒಳಗೆ ಉದುರಿಸತೊಡಗಿದೆ. ಬಾವಿಯ ಮೀನಿಗೆ ಅನ್ನ ಹಾಕುವುದು ಧಾರವಾಡದ ಮನೆಯಲ್ಲಿ ಪುಣ್ಯದ ಕೆಲಸ. ಆದರೆ ಬಾವಿಗೆ ತೆರೆದ ಬಾಯಿದೆ, ಒಳಗೆ ಸೆಲೆಯಿದೆ. ಟಾಂಕುವಿಗೆ ಎರಡೂ ಇಲ್ಲ. ಇದು ನನಗೆ ಹೊಳೆಯಲಿಲ್ಲ.

ಎಣಿಕೆ ಮತ್ತೆ ಏರಿತು. ಬೆಳಕಿನ ತಟ್ಟೆಯಲ್ಲಿ ಮೀನು ಹಿಡಿಸದಷ್ಟಾದಾಗ ಕಾಕಾ ಎಣಿಸುವುದನ್ನೇ ಬಿಟ್ಟ. ಕಾರಣ ತಿಳಿಯದೆ ನೋಟ್‌ಬುಕ್ಕಿನ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಿದ್ದ. ನಾನು ಕನ್ನಡಿ ಹಿಡಿದು ಸುಮ್ಮನಿರುತ್ತಿದ್ದೆ. ಅಷ್ಟೂ ಮರಿಗಳನ್ನು ಉಳಿಸಿದವಳು ನಾನು ಎಂಬ ಹೆಮ್ಮೆ ಹೊಟ್ಟೆಯೊಳಗೆ ಬೆಚ್ಚಗಿತ್ತು. ಬೇಸಿಗೆಯಲ್ಲಿ ನೀರು ಇಳಿಯಿತು. ಒಂದು ಬೆಳಿಗ್ಗೆ ಬಾ ಸೇದಿದ ನೀರನ್ನು ಮೂಸಿ ನೋಡಿ ಚೆಲ್ಲಿದರು. ಮುಚ್ಚಳ ಹಾಕಿ ಮೇಲೆ ಬೀಸುವ ಕಲ್ಲು ಇಟ್ಟರು. ಎಂಟು ಹತ್ತು ದಿನ ಅದು ಹಾಗೆಯೇ ಇತ್ತು.

ಆಮೇಲೆ ಬಂದ ಭಾನುವಾರ ಕಾಕಾ ತಾನೇ ಇಳಿದು ತೊಳೆಯುತ್ತೇನೆ ಎಂದ. ತಂದವನು ತಾನು, ತೆಗೆಯಬೇಕಾದವನೂ ತಾನೇ ಎಂದ. ಬೆಳಿಗ್ಗೆ ಹತ್ತರ ಹೊತ್ತು. ಅಂಗಳದಲ್ಲಿ ಅಪ್ಪ, ಪಕ್ಕದ ಮನೆಯ ಇಬ್ಬರು ಗಂಡಸರು, ಬಾ, ನಾನು. ಅವ್ವ ಮೇಲೆ ಒಲೆಯ ಮುಂದಿದ್ದಳು. “ಪಹೇಲಾ ದೀವೋ, ಭಾಯ್” ಎಂದರು ಬಾ. ಮೊದಲು ದೀಪ ಇಳಿಸು, ದೀಪ ಬದುಕಿದರೆ ಮನುಷ್ಯ ಬದುಕುತ್ತಾನೆ ಎಂದು. ಕಾಕಾ ನಗುತ್ತ ಹಣತೆಯನ್ನು ಬಕೆಟ್ಟಿನಲ್ಲಿಟ್ಟು ಹಗ್ಗ ನನ್ನ ಕೈಗೆ ಕೊಟ್ಟ. “ಶಾಲೂ, ಸಾವಕಾಶ ಬಿಡು, ಅಳ್ಳಾಡಸಬ್ಯಾಡ.” ನಾನು ಗೇಣು ಗೇಣಾಗಿ ಬಿಟ್ಟೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಜ್ವಾಲೆ ಸಣ್ಣದಾಯಿತು. ಗಾಳಿಗೆ ಬಾಗಲಿಲ್ಲ, ಸುಮ್ಮನೆ ಕುಗ್ಗಿ ಕುಗ್ಗಿ ಆರಿತು.

“ಅಳ್ಳಾಡಿಸಿದಿ ನೋಡು” ಎಂದ ಕಾಕಾ.

ನಾನು ಅಲ್ಲಾಡಿಸಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಹಗ್ಗವನ್ನು ಮನಸ್ಸಿನಲ್ಲೇ ಎಷ್ಟು ಸಲ ಇಳಿಸಿದ್ದೇನೋ ಲೆಕ್ಕವಿಲ್ಲ, ಒಂದು ಸಲವೂ ನನ್ನ ಕೈ ನಡುಗಿಲ್ಲ. ಹೇಳಲು ಬಾಯಿ ತೆರೆದೆ. ಮಾತು ಬೆಳೆದರೆ ಅನ್ನದ ವಿಷಯ ಹೊರಬೀಳುತ್ತದೆ ಎನಿಸಿತು. ಬಾಯಿ ಮುಚ್ಚಿದೆ. ಬಾ ಇನ್ನೊಮ್ಮೆ ದೀಪ ಹಚ್ಚು ಎಂದರು. ಕಾಕಾ ಟಾರ್ಚು ತೆಗೆದುಕೊಂಡ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡದ್ದು ಮಾತ್ರ ಬಾ ಹಟ ಹಿಡಿದದ್ದರಿಂದ. “ನಾನೇನು ಎಮ್ಮಿ ಏನು?” ಎಂದು ನಗುತ್ತಲೇ, ಗೋಡೆಯ ಗೂಡುಗಳಲ್ಲಿ ಕಾಲಿಟ್ಟು ಇಳಿದ.

ಮೊದಲ ಬಕೆಟ್ ಮೇಲೆ ಬಂತು. ಹೊಟ್ಟೆ ಮೇಲಾದ ಮೀನುಗಳು, ಅವುಗಳ ನಡುವೆ ಕೊಳೆತು ಉಬ್ಬಿ ಬೆಳ್ಳಗಾದ ಅನ್ನದ ಅಗಳುಗಳು. ನಾನು ಒಳಗೆ ಬಗ್ಗಿ ನೋಡಿದೆ. ಮೊಣಕಾಲು ನೀರಿನಲ್ಲಿ ನಿಂತು ಕಾಕಾ ಕತ್ತೆತ್ತಿದ್ದ. ಅವನ ಬೊಗಸೆಯಲ್ಲೂ ಅನ್ನ. “ಶಾಲೂ...” ಎಂದ. ಬೈಯುವ ದನಿಯಲ್ಲ, ಬಿಡಿಸಲಾಗದ ಲೆಕ್ಕವನ್ನು ತಟ್ಟನೆ ಬಿಡಿಸಿದವನ ದನಿ. ಆಮೇಲೆ ಬಹಳ ದಣಿದವನಂತೆ ನೀರಿನಲ್ಲೇ ಕುಳಿತ.

ಬಾ ಕೂಗಿದ್ದು ಇಡೀ ಪೋಳಕ್ಕೆ ಕೇಳಿತು. ಮೂವರು ಸೇರಿ ಎಳೆದರು. ಕಲ್ಲಿನ ಅಂಚಿಗೆ ಅವನ ಹಣೆ ತಾಗಿತು. ಅಂಗಳದಲ್ಲಿ ಮಲಗಿಸಿದಾಗ ಮುಖ ಬರೆಯುವ ಪಾಟಿಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಅವನ ಎದೆಯನ್ನು ಒತ್ತುತ್ತ “ವಸ್ಯಾ, ಏ ವಸ್ಯಾ” ಎಂದು ಚಿಕ್ಕಂದಿನ ಹೆಸರು ಹಿಡಿದು ಕರೆಯುತ್ತಿದ್ದರು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಒಂದು ಉಸಿರು ಹರಿದ ಬಟ್ಟೆಯಂತೆ ಒಳಗೆ ಹೋಯಿತು.

ಮೂರನೆಯ ದಿನ ಕಾಕಾ ಎದ್ದು ಕುಳಿತು, ತಪ್ಪು ತನ್ನದು, ಮೀನು ಹೆಚ್ಚಾದವು, ನೀರು ಸಾಲದೆ ಸತ್ತವು ಎಂದು ಬಾ ಅವರಿಗೆ ಹೇಳಿದ. ಅನ್ನದ ಮಾತೆತ್ತಲಿಲ್ಲ, ನನ್ನ ಕಡೆ ನೋಡಲಿಲ್ಲ. ಬಾ ಏನನ್ನೂ ಕೇಳಲಿಲ್ಲ. ಮಳೆಗಾಲದಲ್ಲಿ ಕೊಳವೆಯ ಬಾಯಿಯನ್ನು ಗಟಾರದ ಕಡೆ ತಿರುಗಿಸಿದರು. ನಲ್ಲಿಯ ನೀರನ್ನು ಕಣ್ಣು ಮುಚ್ಚಿ ಔಷಧದಂತೆ ನುಂಗುವುದನ್ನು ಕಲಿತರು. ಮರುವರ್ಷ ಅಪ್ಪನಿಗೆ ಬರೋಡಾಕ್ಕೆ ವರ್ಗವಾಯಿತು, ಕಾಕಾ ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿ ಶಾಲೆಯ ಮಾಸ್ತರನಾದ. ಮುಂದೆ ನನ್ನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು, ಜೀವಿಗಳ ಸಂಖ್ಯೆ ಹೇಗೆ ಬೆಳೆಯುತ್ತದೆಂದು ತೋರಿಸಲು ಹಲಗೆಯ ಮೇಲೆ ಎರಡು ಗೆರೆ ಎಳೆದರು. ಒಂದು ಏರಿ, ಬಾಗಿ, ಸಮನಾಗಿ ನಿಲ್ಲುವುದು. ಇನ್ನೊಂದು ಕಡಿದಾಗಿ ಏರಿ ಹಾಗೆಯೇ ಬೀಳುವುದು. ಉಳಿದವರು ಬರೆದುಕೊಂಡರು. ಎರಡನೆಯ ಗೆರೆಯ ತುದಿಯಲ್ಲಿ ಏನಿರುತ್ತದೆ ಎಂಬುದನ್ನು ನಾನು ಬಗ್ಗಿ ನೋಡಿದ್ದೆ. ಪೋಳದ ಮನೆ ಈಗಿಲ್ಲ. ಬಾ ಇಲ್ಲ, ಅಪ್ಪ ಅವ್ವ ಇಲ್ಲ.

ಹೋದ ತಿಂಗಳು ಕಾಕಾನೂ ಹೋದ. ಮುಪ್ಪಿನ ಸಾವು, ನಿದ್ದೆಯಲ್ಲಿ. ಅವನ ಮಗಳು ಫೋನು ಮಾಡಿದ್ದಳು. ಅದೂ ಇದೂ ಹೇಳುತ್ತ, “ಅಪ್ಪಾ ಒಂದ ನಮೂನಿ ಇದ್ರು ಅಕ್ಕಾ. ಜಳಕದ ಮನೀ ಬಾಗಲಾ ಎಂದೂ ಹಾಕ್ಕೋತಿದ್ದಿಲ್ಲ. ಚಳಿಗಾಲದಾಗೂ ಕಿಡಕಿ ತಗದ ಮಲಗೋರು. ನಾವೆಲ್ಲಾ ಬೈತಿದ್ವಿ. ಯಾಕಂತ ನಿಮಗೇನರ ಗೊತ್ತದ ಏನ್ರಿ?” ಎಂದಳು.

“ಇಲ್ಲವ್ವಾ” ಎಂದೆ.

“ಇರ್ಲಿ ಬಿಡ್ರಿ” ಎಂದಳು. “ಗಾಳಿ ಅಂದ್ರ ಅವರಿಗೆ ಭಾಳ ಪ್ರೀತಿ ಇತ್ತು ಅನಸ್ತದ.”