ತವರಿನ ತಂತಿ

ವೆಂಕಟಮ್ಮ ಮೊರ ಹಿಡಿದು ಮಹಡಿ ಮನೆಯ ಬಾಗಿಲಲ್ಲಿ ಕೂತರೆ, ರಾಮಮೂರ್ತಿ ನಗರದ ಆ ಓಣಿಗೆ ಬಂದ ಹೊಸಬರು ಅಕ್ಕಿ ಆರಿಸ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಹಳಬರು ನಗುತ್ತಿದ್ದರು: "ಅದು ಬೇಯೋ ಅಕ್ಕಿ ಅಲ್ಲ ಕಣ್ರೀ. ಕೆಪಾಸಿಟರು, ರೆಸಿಸ್ಟರು. ಆಯಮ್ಮಂಗೆ ಊಟಕ್ಕಿಂತ ಕರೆಂಟೇ ರುಚಿ."

ಇಪ್ಪತ್ತೇಳು ವರ್ಷ ಟೆಲಿಫೋನು ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕಿದ ಕೈ ಅದು. ಕೆಲಸ ಬಿಟ್ಟ ಮೇಲೂ ಸುಮ್ಮನಿರಲಿಲ್ಲ.

ಹೋದ ವರ್ಷ ಗಂಡ ಸಂಜೀವಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಒಂದು ದಿನ ವೆಂಕಟಮ್ಮ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಮಂಚದಿಂದ ಬಿದ್ದವನು, ಕರೆಯಲಾಗದೆ ಅರ್ಧ ಗಂಟೆ ನೆಲದಲ್ಲೇ ಇದ್ದ. ಮಗಳು ಮೋನಿಷಾ ಕಲ್ಯಾಣ ನಗರದಿಂದ ಓಡಿ ಬಂದಳು.

"ಅಮ್ಮ, ನೀನು ನಮ್ಮನೆಗೆ ಬಂದ್ಬಿಡು. ಅಪ್ಪನ್ನ ನೋಡ್ಕೊಳ್ಳೋ ಹೋಮ್‌ಗೆ ಸೇರಿಸೋಣ. ನಾನೂ ನಿನ್ನ ಅಳಿಯನೂ ಡ್ಯೂಟಿಗೆ ಹೋದ್ಮೇಲೆ ಅವರು ಬಿದ್ರೆ ನಿಂಗೆ ಗೊತ್ತಾಗಲ್ಲ."

"ಗೊತ್ತಾಗೋ ಹಾಗೆ ಮಾಡಿದ್ರೆ?"

ಮೋನಿಷಾ ಯೋಚಿಸಿದಳು. "ಭಾನುವಾರ ಬಂದು ನೋಡ್ತೀನಿ. ನೀನು ಮಾಡಿದ್ದು ಕೆಲಸ ಮಾಡಿದ್ರೆ ಇಬ್ರೂ ಬನ್ನಿ."

ವೆಂಕಟಮ್ಮ ತೂತು ತೂತಿನ ಬಿಳಿ ಬ್ರೆಡ್‌ಬೋರ್ಡ್ ತಂದಳು. ಅದಕ್ಕೆ ಬೆಸುಗೆ ಬೇಡ. ತಂತಿ ಚುಚ್ಚಿದರೆ ಸಾಕು, ತಪ್ಪಿದರೆ ಕೀಳಬಹುದು. ಗಂಡನ ಎಡಗೈಗೊಂದು ಗುಂಡಿ. ಒಂದು ಸಲ ಒತ್ತಿದರೆ ಐಸಿ ಅನ್ನೋ ಪುಟ್ಟ ಕರಿ ಚಿಪ್ಪು ಅದನ್ನು ನೆನಪಿಟ್ಟುಕೊಂಡು, ಯಾರಾದರೂ ಬರುವವರೆಗೆ ಗಂಟೆ ಕೂಗಿಸಬೇಕು, ದೀಪ ಉರಿಸಬೇಕು.

ಕೂಗಿತು, ಕುಂಯ್ ಅಂತ. ನಿಂತಿತು. ಎಷ್ಟು ಸಲ ಒತ್ತಿದರೂ ಅಷ್ಟೇ. ಗಂಟೆ ಬಾಯಿ ತೆರೆದೊಡನೆ ಚಿಪ್ಪು ಎಲ್ಲ ಮರೆತುಬಿಡುತ್ತಿತ್ತು. ಅಡಾಪ್ಟರ್ ಬದಲಿಸಿದಳು, ಚಿಪ್ಪು ಬದಲಿಸಿದಳು. ಶನಿವಾರ ಬಂದೇಬಿಟ್ಟಿತು.

ಅವತ್ತು ಶಿವಾಜಿನಗರದಿಂದ ಮೆಹರುನ್ನೀಸಾ ಬಂದಳು, ಕಾರ್ಖಾನೆಯಲ್ಲಿ ಪಕ್ಕದ ಸ್ಟೂಲಿನವಳು. ಕನ್ನಡಕ ಏರಿಸಿ ಬೋರ್ಡು ನೋಡಿದಳು. ತಂತಿ ಒಂದರಿಂದ ಒಂದಕ್ಕೆ, ಹೂ ಕಟ್ಟಿದ ಹಾಗೆ ಸಾಲಾಗಿ ಹೋಗಿತ್ತು.

"ಯಾರಿಗೆ ತೋರಿಸೋಕೆ ಈ ಶೋಕಿ? ಇನ್‌ಸ್ಪೆಕ್ಟರ್ ಸಾಹೇಬ್ರು ಕಾರ್ಖಾನೆಯಿಂದ ಬರ್ತಾರಾ?"

"ಸುಮ್ನಿರೇ. ತಪ್ಪಿದ್ರೆ ಹೇಳು."

ಗ್ರೌಂಡಿಗೆ, ಅಂದರೆ ಕರೆಂಟು ವಾಪಸು ಸೇರುವ ಜಾಗಕ್ಕೆ, ಕಾರ್ಖಾನೆಯ ಹೆಣ್ಣುಮಕ್ಕಳು ತವರು ಅನ್ನುತ್ತಿದ್ದರು. ಮೆಹರುನ್ನೀಸಾ ಕಪ್ಪು ತಂತಿಗೆ ಬೆರಳಿಟ್ಟಳು. "ಗಂಟೆ, ದೀಪ, ಚಿಪ್ಪು, ಮೂರು ಸೊಸೇರನ್ನ ಒಂದೇ ಆಟೋದಲ್ಲಿ ತವರಿಗೆ ಕಳಿಸಿದ್ದೀಯಲ್ಲೇ. ದಪ್ಪಗಿರೋಳು ಈ ಗಂಟೆ. ಅವಳು ಹತ್ತಿದ್ರೆ ಬಡಕಲು ಚಿಪ್ಪು ಎಲ್ಲಿ ಕೂರ್ತಾಳೆ?"

ವೆಂಕಟಮ್ಮ ಕಪ್ಪು ತಂತಿಯ ಮೇಲೆ ಬೆರಳು ಓಡಿಸಿದಳು: ಗಂಟೆ ಕೂಗಿದೊಡನೆ ಅದರ ಕರೆಂಟೇ ದಾರಿಯೆಲ್ಲ ತುಂಬಿ, ಚಿಪ್ಪು ನೆನಪು ಕಳೆದುಕೊಳ್ಳುತ್ತಿತ್ತು. ಕಾರ್ಖಾನೆಯಲ್ಲಿ ಯಾವ ತಂತಿ ಎಲ್ಲಿಗೆ ಅಂತ ನಕ್ಷೆ ಬರೆಯುವವರು ಯೋಚಿಸುತ್ತಿದ್ದರು. ತಾನು ಕಲಿತದ್ದು ಅಚ್ಚುಕಟ್ಟು. ಕರೆಂಟು ಹೋಗುವ ದಾರಿ ನೋಡಿದ್ದಳು, ತಿರುಗಿ ಬರುವ ದಾರಿ ನೋಡಿರಲಿಲ್ಲ.

ಎಲ್ಲ ಕಿತ್ತಳು. ಅಡಾಪ್ಟರಿನ ತಂತಿ ಬೋರ್ಡಿಗೆ ಸೇರುವ ಕಡೆಯಿಂದಲೇ ಗಂಟೆಗೊಂದು, ದೀಪಕ್ಕೊಂದು, ಚಿಪ್ಪಿಗೊಂದು ಕೆಂಪು ತಂತಿ. ಹಾಗೇ ಬೇರೆ ಬೇರೆ ಕಪ್ಪು ತಂತಿ. ಚಿಪ್ಪಿನ ಮಗ್ಗುಲಿಗೇ ಒಂದು ಪುಟ್ಟ ಕೆಪಾಸಿಟರ್, ನಲ್ಲಿ ಸಣ್ಣಗಾದಾಗ ಇರಲಿ ಅಂತ ತುಂಬಿಟ್ಟ ಬಿಂದಿಗೆಯ ಹಾಗೆ. ನೋಡೋಕೆ ಕಾಗೆ ಗೂಡು.

ಭಾನುವಾರ ಮೋನಿಷಾ ತಾರಸಿಯಲ್ಲಿ ನಿಂತಳು. ಕೆಳಗೆ ಸಂಜೀವಪ್ಪ ಒತ್ತಿದ. ಅವಳು ಇಳಿದು ಬಂದು ನಿಲ್ಲಿಸುವವರೆಗೂ ಗಂಟೆ ಕೂಗುತ್ತಲೇ ಇತ್ತು. ಮತ್ತೆ ಒತ್ತಿಸಿದಳು. ಹನ್ನೊಂದು ಸಲ. ಕೊನೆಗೆ ಅವನೇ ಬೇಸತ್ತು ಕೈ ಎಳೆದುಕೊಂಡ.

"ಸಾಕು ಬಿಡೇ, ಅವರಿಗೆ ಸಿಟ್ಟು ಬಂತು," ಅಂದಳು ವೆಂಕಟಮ್ಮ.

ಹದಿನೈದು ದಿನಕ್ಕೆ ಮನೆ ಖಾಲಿ ಮಾಡಿದರು. ಓಣಿಯವರು ಸಂಜೀವಪ್ಪನನ್ನು ಕುರ್ಚಿ ಸಮೇತ ಮಹಡಿಯಿಂದ ಇಳಿಸಿ ಮಗಳ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ವೆಂಕಟಮ್ಮ ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈ ಕೆಳಗಿನ ಮನೆಯವರಿಗೆ ಕೊಟ್ಟಳು. ಮುಂದಿನ ಸೀಟು ಬೇಡವೆಂದು ಹಿಂದಿನ ಬಾಗಿಲು ತೆಗೆದಳು.

"ಸ್ವಲ್ಪ ಸರೀರಿ," ಅಂದಳು. ಅವನು ಸರಿದ.